ನೀರು ನಿಂತೈತಿ

ಸುಲ್ತಾನಪುರ, ತಾಲೂಕು ಹುಕ್ಕೇರಿ
೨೪ ಮೇ ೧೯೩೬

ಮನೆಯವರಿಗೆ,

ನೀವು ಕಲಿಸಿದ ಅಕ್ಷರದಲ್ಲಿ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ಅವ್ವ ಕಲಿಸಿದ್ದಾಳೆ. ಕೈಯಿಂದ ಬರೆಯಬಹುದೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಹಾಗಾಗಿ ಬರೆದಿಲ್ಲ.

ಇಲ್ಲಿ ಎಲ್ಲರೂ ನನ್ನ ಹೊಟ್ಟೆ ನೋಡಿಯೇ ಮಾತು ಶುರು ಮಾಡುತ್ತಾರೆ. ಗಂಡು ಅನ್ನುವವರು ಕೆಲವರು, ಹೆಣ್ಣು ಅನ್ನುವವರು ಕೆಲವರು. ಅಪ್ಪ ಮಾತ್ರ ಏನೂ ಅನ್ನುವುದಿಲ್ಲ. ಬೆಳಿಗ್ಗೆ ನಾವೆಯ ಬಳಿ ಹೋಗುತ್ತಾನೆ, ಸಂಜೆ ಬರುತ್ತಾನೆ. ಹಿರಣ್ಯಕೇಶಿ ಎಷ್ಟು ಇಳಿದಿದೆ ಎಂದರೆ ನಾವೆ ಕೆಸರಿನ ಮೇಲೆ ಕೂತಿದೆ. ಜನ ನಡೆದೇ ದಾಟುತ್ತಾರೆ. ಊರ ಕೆಳಗೆ ಅದು ಘಟಪ್ರಭೆಯನ್ನು ಕೂಡುವಲ್ಲಿಯೂ ಕಲ್ಲು ಕಾಣುತ್ತಿದೆ.

ನಾನು ತವರಿಗೆ ಹೊರಟ ದಿನ ಯಮನವ್ವಕ್ಕ ಅಟ್ಟದ ಮೇಲಿಂದ ಭಾವನವರ ಬಲೆ ಇಳಿಸಿ ಬಿಸಿಲಿಗೆ ಹಾಕಿದ್ದಳು. ನಾನು ನೋಡಿದೆ. ನೀವೂ ನೋಡಿದಿರಿ. ಹೋದ ವರ್ಷ ಹೊಸ ನೀರಿನಲ್ಲಿ ಭಾವನವರು ಫಾಲ್ಸಿನ ಕೆಳಗೆ ಕೊಚ್ಚಿ ಹೋದರಲ್ಲ, ಆಗ ಅವರ ಮೈ ಸಿಗಲಿಲ್ಲ, ಬಲೆ ಸಿಕ್ಕಿತು. ಅದರ ವಾಸನೆ ದಾರಿಯುದ್ದಕ್ಕೂ ಗಾಡಿಯಲ್ಲಿ ನನ್ನ ಜೊತೆ ಬಂತು.

ಅದನ್ನು ಯಾರಿಗಾಗಿ ಒಣಗಿಸುತ್ತಿದ್ದಾಳೆ?

ಕೆಂಚವ್ವ


ಗೋಕಾಕ ಫಾಲ್ಸ್
೩೦ ಮೇ ೧೯೩೬

ಕೆಂಚವ್ವ,

ನಿನ್ನ ಕಾಗದವನ್ನು ಗಿರಣಿಯ ಭೋಂಗಾ ಊದುವ ಮೊದಲು ಒಮ್ಮೆ, ಊದಿದ ಮೇಲೆ ಒಮ್ಮೆ ಓದಿದೆ. ಅಕ್ಷರ ನೆಟ್ಟಗಿವೆ. ಒತ್ತಕ್ಷರಗಳು ಮಾತ್ರ ಕೆಳಗೆ ಜಾರುತ್ತವೆ.

ಬಲೆ ನನಗಾಗಿ. ನಿನಗೂ ಗೊತ್ತಿತ್ತು.

ಫಾಲ್ಸಿನ ಕೆಳಗಿನ ಕೊಳ್ಳಕ್ಕೆ ಹೆಂಗಸರು ಇಳಿಯುವುದಿಲ್ಲ, ಆದ್ದರಿಂದ ಅಲ್ಲಿನ ರೀತಿ ನಿನಗೆ ತಿಳಿದಿರಲಿಕ್ಕಿಲ್ಲ. ಅಲ್ಲಿ ಒಂದೊಂದು ಬಂಡೆ ಒಂದೊಂದು ಮನೆಯದು. ಹೊಸ ನೀರು ಬಂದಾಗ ಕೃಷ್ಣೆಯಿಂದ ಮೀನು ಹೊಳೆಯನ್ನು ಏರಿ ಬರುತ್ತವೆ. ಅಂಗೈ ಅಗಲದ ಹುರುಪೆ, ಹಿತ್ತಾಳೆಯ ಬಣ್ಣ, ಹೊಟ್ಟೆ ತುಂಬ ತತ್ತಿ. ಫಾಲ್ಸಿನ ಬುಡದ ತನಕ ಬಂದು ಮೇಲೆ ಹಾರುತ್ತವೆ, ಬೀಳುತ್ತವೆ, ಮತ್ತೆ ಹಾರುತ್ತವೆ. ಆ ಹೊತ್ತಿಗೆ ಮನೆಯ ಗಂಡಸು ತನ್ನ ಬಂಡೆಯ ಮೇಲೆ ನಿಂತು ಒಮ್ಮೆಯಾದರೂ ಬಲೆ ಹಾಕಬೇಕು. ಹಾಕದಿದ್ದರೆ ಬಂಡೆ ಪಕ್ಕದವನಿಗೆ. ನಮ್ಮ ಪಕ್ಕದವನು ದುಂಡಪ್ಪ.

ಅತ್ತಿಗೆ ಮೊನ್ನೆ ಊಟಕ್ಕೆ ನೀಡುತ್ತ ಅಂದಳು: “ನಿಮ್ಮಣ್ಣ ನಿಂತ ಕಲ್ಲಿನ ಮ್ಯಾಲ ಆ ದುಂಡಪ್ಪ ಕಾಲಿಡೂದನ್ನ ನಾ ನೋಡಾಕಿಲ್ಲ. ಹೋಗು, ಒಮ್ಮಿ ಬಲಿ ಹಾಕು, ಬಾ. ಮೀನ ಬ್ಯಾಡ ನನಗ.”

“ಅತ್ತಿಗಿ, ನಾ ಗಿರಣ್ಯಾಗ ನೂಲ ಹಿಡಿಯಾಂವ. ನೀರಿಂದ ನನಗೇನ ಗೊತ್ತೈತಿ?”

“ಹಂಗಾದ್ರ ನಿನ್ನ ಧೋತರ ನನಗ ಕೊಡು. ನನ್ನ ಸೀರಿ ನೀ ಉಡು.”

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ.

ಆದಿತ್ಯವಾರಕ್ಕೊಮ್ಮೆ ಯಲ್ಲಪ್ಪ ಕಾಕಾ ನನ್ನನ್ನು ಕೊಳ್ಳಕ್ಕೆ ಕರೆದುಕೊಂಡು ಹೋಗಿ ನೀರನ್ನು ಓದುವುದು ಕಲಿಸುತ್ತಿದ್ದಾನೆ. ಕರಿ ನೀರು ಹತ್ತಿರದ ಹೊಲಗಳದ್ದು, ಅದಕ್ಕೆ ಬಲ ಇಲ್ಲ. ಕೆಂಪು ನೀರು ಘಟ್ಟದ್ದು. ನೊರೆ ಹಳದಿಯಾಗಿ ಮುದ್ದೆ ಕಟ್ಟಿ ಬಂದರೆ ಬಲೆ ಬಿಟ್ಟು ಮೇಲೆ ಹತ್ತಬೇಕು. ಪಾದ ಒಮ್ಮೆಲೇ ತಣ್ಣಗಾದರೂ ಅಷ್ಟೇ. ಈಗ ಅಲ್ಲಿ ಓದಲು ಏನೂ ಇಲ್ಲ. ಹಸಿರುಗಟ್ಟಿದ ನಾಲ್ಕು ಮಡು ಮಾತ್ರ. ಆದರೂ ಕಾಕಾ ಹೇಳುವಾಗ ನನ್ನ ಬೆನ್ನು ಮೇಲಿನ ಫಾಲ್ಸಿನ ಕಡೆ ಇದ್ದರೆ ಅವನ ಮಾತು ಕಿವಿಗೆ ಬೀಳುವುದಿಲ್ಲ.

ಹೆದರಿಕೆ ಆಗುತ್ತದೆಯೇ ಎಂದು ನೀನು ಕೇಳಿಲ್ಲ.

ಹಣಮಂತ


ಸುಲ್ತಾನಪುರ
೬ ಜೂನ್ ೧೯೩೬

ಮನೆಯವರಿಗೆ,

ಕೇಳಲಿಲ್ಲ, ಯಾಕೆಂದರೆ ಉತ್ತರ ನನಗೆ ಬೇಕಾಗಿರಲಿಲ್ಲ.

ಅವ್ವನಿಗೆ ಎಲ್ಲಾ ಹೇಳಿದೆ. ಅವಳು ಮೊರದಲ್ಲಿದ್ದ ಜೋಳವನ್ನು ಹಾಗೇ ಕೆಳಗಿಟ್ಟಳು. “ಬಸುರಿ ಗಂಡ ತುಂಬಿದ ಹೊಳಿಗೆ ಇಳೀಬಾರ್ದು ಅಂತ ಆ ಯಮನವ್ವಗ ಗೊತ್ತಿಲ್ಲೇನ? ಆಕೀ ಗಂಡ ಹೋದ ಅಂತ ನನ್ನ ಮಗಳ ಗಂಡನ್ನೂ ಕಳಸ್ತಾಳೇನ?” ಎಂದಳು. ಆಮೇಲೆ, ವಿಧವೆಯ ಮೇಲೆ ಹಾಗೆ ಮಾತಾಡಿದ್ದಕ್ಕೆ ತಾನೇ ಗಲ್ಲ ಬಡಿದುಕೊಂಡಳು.

ಆ ಮೀನುಗಳನ್ನು ನಮ್ಮ ಕಡೆಯವರು ನೋಡಿಲ್ಲ. ಫಾಲ್ಸ್ ದಾಟಿ ಅವು ಬರಲಾರವು. ನಾನು ಚಿಕ್ಕವಳಿದ್ದಾಗ ಅಪ್ಪ, “ಅವು ತವರಿಗೆ ಹೊಂಟಾವ, ಬಾಗಿಲಾ ತಗಿಯವರಿಲ್ಲ” ಅನ್ನುತ್ತಿದ್ದ. ನಾನು ಈಗ ಬಾಗಿಲು ತೆಗೆದಿರುವ ತವರಿನಲ್ಲಿ ಕೂತಿದ್ದೇನೆ. ಆದರೂ ರಾತ್ರಿಯೆಲ್ಲ ಯಾವುದೋ ಕಲ್ಲಿಗೆ ಮೈ ಬಡಿದ ಹಾಗಾಗುತ್ತದೆ. ಒಳಗಿರುವುದು ಒದೆಯುತ್ತಿದೆ ಎಂದು ಅವ್ವ ಹೇಳುತ್ತಾಳೆ.

ಹೋಗಬೇಡಿರಿ ಎಂದರೆ ನೀವು ಕೇಳುವುದಿಲ್ಲ. ಅತ್ತಿಗೆಯ ಕಣ್ಣೆದುರು ದಿನವೂ ಇರುವವರು ನೀವು. ಹಾಗಾಗಿ ಬೇರೆ ಮಾತು ಹೇಳುತ್ತೇನೆ. ನಿಮ್ಮ ಕಡೆ ಬರುವ ನೀರು ಮೊದಲು ನಮ್ಮ ಊರ ಕೆಳಗೆ ಬರುತ್ತದೆ. ಧುಪದಾಳದ ಒಡ್ಡಿನಲ್ಲಿ ತುಂಬಿ, ಅದರ ಮೇಲೆ ಹರಿದು, ನಿಮ್ಮನ್ನು ಮುಟ್ಟಲು ಹೊತ್ತು ಬೇಕು. ಬಾಡಿಗೆ ಮೋಟಾರು ಓಡಿಸುವ ರಾವಸಾಹೇಬ ಬೆಳಿಗ್ಗೆ ಇಲ್ಲಿಂದ ಹೊರಟರೆ ಮಧ್ಯಾಹ್ನಕ್ಕೆ ಫಾಲ್ಸಿನಲ್ಲಿ. ನೀರಿಗಿಂತ ಅವನು ಜೋರು. ಹೊಳೆ ನೋಡಿ ಅಪ್ಪ ಏನು ಅನ್ನುತ್ತಾನೋ ಅದನ್ನು ಕಾರ್ಡಿನಲ್ಲಿ ಬರೆದು ಅವನ ಕೈಗೆ ಕೊಡುತ್ತೇನೆ.

ನನ್ನ ಕಾರ್ಡು ಬರದೆ ಕೊಳ್ಳಕ್ಕೆ ಇಳಿಯಬೇಡಿರಿ. ಇದಿಷ್ಟು ಮಾತು ಕೊಡಿರಿ.

ಕೆಂಚವ್ವ


ಗೋಕಾಕ ಫಾಲ್ಸ್
೧೨ ಜೂನ್ ೧೯೩೬

ಕೆಂಚವ್ವ,

ಕೊಟ್ಟೆ. ನಿನ್ನ ಕಾರ್ಡು ಬರದೆ ಇಳಿಯುವುದಿಲ್ಲ.

ಇದನ್ನು ಯಲ್ಲಪ್ಪ ಕಾಕಾನಿಗೆ ಹೇಳಬಾರದಿತ್ತು. ಅವನು ದುಂಡಪ್ಪನಿಗೆ ಹೇಳಿದ, ದುಂಡಪ್ಪ ಗಿರಣಿಗೆಲ್ಲ ಹೇಳಿದ. ಈಗ ನನ್ನನ್ನು ಕಂಡವರೆಲ್ಲ “ಏನ್ರಿ, ಹುಕ್ಕೇರಿಯಿಂದ ಹುಕುಂ ಬಂತೇನ್ರಿ?” ಅನ್ನುತ್ತಾರೆ. ದುಂಡಪ್ಪ ಕೆಟ್ಟವನಲ್ಲ. ಅಣ್ಣನನ್ನು ಹುಡುಕಲು ಮೊದಲು ನೀರಿಗೆ ಬಿದ್ದವನು ಅವನೇ. ಆದರೆ ನಮ್ಮ ಬಂಡೆಯ ಮೇಲೆ ಅವನ ಕಣ್ಣಿದೆ. ಅವನು ಅದನ್ನು ಮುಚ್ಚಿಡುವುದೂ ಇಲ್ಲ.

ಮೂಡಲಗಿ ಕಡೆಯಿಂದ ಹತ್ತಿ ಗಾಡಿಯವರು ಬಂದಿದ್ದರು. ಮೀನು ತಮ್ಮ ಊರುಗಳನ್ನು ದಾಟಿ ಹೋದವಂತೆ. ನೀರಿನ ಸುದ್ದಿ ಮೇಲಿಂದ ಬರುತ್ತದೆ, ಮೀನಿನ ಸುದ್ದಿ ಕೆಳಗಿನಿಂದ. ನಡುವೆ ನಾನು ಕೂತಿದ್ದೇನೆ. ಎರಡರಲ್ಲಿ ಯಾವುದೂ ನನ್ನ ಕೈಯಲ್ಲಿಲ್ಲ.

ಇಲ್ಲಿ ಎರಡು ದಿನ ಮಳೆಯಾಗಿ ಕೊಳ್ಳದಲ್ಲಿ ಕರಿ ನೀರು ಏರಿದೆ. ಇನ್ನು ಎಲ್ಲರೂ ಒಂದು ಮಾತಿಗಾಗಿ ಕಾಯುತ್ತಿದ್ದಾರೆ. ನೀರು ಏರುತ್ತಿರುವ ತನಕ ಮೀನು ಹಾರುವುದಿಲ್ಲ, ಮನುಷ್ಯ ಇಳಿಯುವುದಿಲ್ಲ. ಏರುವುದು ಮುಗಿದಾಗ ದಂಡೆಯಲ್ಲಿರುವವನು “ನೀರ ನಿಂತೈತಿ” ಎಂದು ಕೂಗುತ್ತಾನೆ. ನಿಂತ ನೀರು ಇನ್ನು ಇಳಿಯುವುದೇ. ಆಗ ಎಲ್ಲರೂ ಬಲೆ ಎತ್ತಿಕೊಂಡು ತಮ್ಮ ತಮ್ಮ ಬಂಡೆಗೆ ಓಡುತ್ತಾರೆ. ಅಣ್ಣನೂ ಆ ಕೂಗು ಕೇಳಿಯೇ ಓಡಿದ್ದು. ಕೂಗಿದವನು ನೀರನ್ನು ಸರಿಯಾಗಿ ಓದಿರಲಿಲ್ಲ ಎಂದು ಕಾಕಾ ಹೇಳುತ್ತಾನೆ. ಅವನು ಯಾರೆಂದು ಹೇಳುವುದಿಲ್ಲ.

ಒಮ್ಮೆ ಬಲೆ ಹಾಕಿ ಬರುತ್ತೇನೆ. ಆಮೇಲೆ ಅತ್ತಿಗೆಯೂ ಮಲಗುತ್ತಾಳೆ, ನಾನೂ ಮಲಗುತ್ತೇನೆ.

ಹಣಮಂತ


(ಕಾರ್ಡು)

ಸುಲ್ತಾನಪುರ
೧೪ ಜೂನ್ ೧೯೩೬, ಬೆಳಿಗ್ಗೆ

ಮನೆಯವರಿಗೆ,

ರಾವಸಾಹೇಬ ಮೋಟಾರು ನಿಲ್ಲಿಸಿಕೊಂಡು ಕೂಗುತ್ತಿದ್ದಾನೆ, ಹೆಚ್ಚು ಬರೆಯಲಾರೆ. ಅಪ್ಪ ಈಗ ಹೊಳೆಯಿಂದ ಬಂದ. ಅವನು ಅಂದದ್ದನ್ನು ಹಾಗೇ ಬರೆದಿದ್ದೇನೆ: ನೀರ ನಿಂತೈತಿ.

ಉಳಿದದ್ದು ನಿಮಗೆ ಗೊತ್ತು.

ಕೆಂಚವ್ವ


ಸುಲ್ತಾನಪುರ
೧೫ ಜೂನ್ ೧೯೩೬

ಹಣಮಂತ,

ನಿಮ್ಮ ಹನ್ನೆರಡನೆಯ ತಾರೀಖಿನ ಕಾಗದ ಈಗ ಬಂತು. ಟಪಾಲಿನವನು ಎದೆಮಟ್ಟದ ನೀರಿನಲ್ಲಿ ಬಂದ, ತಿರುಗಿ ಹೋಗಲಾರದೆ ಇಲ್ಲೇ ಉಳಿದಿದ್ದಾನೆ.

ಇಳಿಯಬೇಡಿರಿ. ನಾನು ಬರೆದ ಮಾತು ಅದಲ್ಲ. ನಿಮ್ಮ ಊರಿನ ಮಾತು ನಮ್ಮ ಊರಿನ ಮಾತಲ್ಲ.

ನಮ್ಮಲ್ಲಿ ನೀರು ನಿಂತಿತು ಎಂದರೆ ಹಿರಣ್ಯಕೇಶಿ ಹರಿಯುವುದನ್ನು ಬಿಟ್ಟಿತು ಎಂದು. ಘಟಪ್ರಭೆ ಘಟ್ಟದಿಂದ ತುಂಬಿ ಬಂದಾಗ ಸಣ್ಣ ಹೊಳೆಗೆ ದಾರಿ ಕೊಡುವುದಿಲ್ಲ. ಸಣ್ಣ ಹೊಳೆ ಅಲ್ಲೇ ತಡೆದು ನಿಲ್ಲುತ್ತದೆ, ಕೆರೆಯ ಹಾಗೆ, ಮೇಲೆ ಒಂದು ಎಲೆಯೂ ಅಲುಗುವುದಿಲ್ಲ. ಅದನ್ನು ಕಂಡರೆ ಅಪ್ಪ ನಾವೆಯನ್ನು ಮರಕ್ಕೆ ಕಟ್ಟಿ, ದಂಡೆಯ ಗುಡಿಸಲಿನವರನ್ನೆಲ್ಲ ಎಬ್ಬಿಸುತ್ತಾನೆ. ನಮಗೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಹುಟ್ಟಿದಾಗಿನಿಂದ ಆ ಮಾತು ಕೇಳಿದರೆ ನಾವು ಗಂಟು ಕಟ್ಟುವವರು. ಅದೇ ಮಾತು ಕೇಳಿ ಜನ ನೀರಿಗೆ ಓಡುವ ಊರು ಇದೆಯೆಂದು ನನಗೆ ಹೇಗೆ ತಿಳಿಯಬೇಕು?

ನಾಲ್ಕು ವರ್ಷ ನಿಮ್ಮ ಊರಿನಲ್ಲಿದ್ದೆ. ಆ ಕೂಗು ಒಮ್ಮೆಯೂ ಮನೆಯ ತನಕ ಬರಲಿಲ್ಲವಲ್ಲ.

ಕಾರ್ಡು ನಿನ್ನೆ ಮಧ್ಯಾಹ್ನ ನಿಮ್ಮ ಕೈ ಸೇರಿರಬೇಕು. ಸಡಕು ಮುಳುಗಿದೆ, ಇವತ್ತು ಮೋಟಾರು ಬಂದಿಲ್ಲ. ಈ ಕಾಗದವನ್ನು ಯಾರ ಕೈಯಲ್ಲಿ ಕೊಡಲಿ? ಅಪ್ಪನನ್ನು ಕೇಳಿದೆ. ಅವನು ಹೊಳೆಯ ಕಡೆ ನೋಡಿದ, ನನ್ನ ಹೊಟ್ಟೆಯ ಕಡೆ ನೋಡಿದ. “ನೀರ ಇಳೀಲಿ” ಎಂದ. ಆದರೂ ಬರೆಯುತ್ತಿದ್ದೇನೆ. ಬರೆಯುವ ತನಕ ನೀವು ದಂಡೆಯ ಮೇಲೆಯೇ ಇದ್ದೀರಿ ಅನ್ನಿಸುತ್ತದೆ.

ನಿಮ್ಮ ಹೆಸರು ಬರೆದಿದ್ದೇನೆ. ತಪ್ಪಾದರೆ ಆಗಲಿ.

ಹಣಮಂತ, ಇಳಿಯಬೇಡಿರಿ.

ಕೆಂಚವ್ವ


ಗೋಕಾಕ ಫಾಲ್ಸ್
೧೮ ಜೂನ್ ೧೯೩೬

ಮಾವನವರಾದ ಅಪ್ಪಣ್ಣನವರಿಗೆ,

ಇದನ್ನು ಸಾಲಿ ಮಾಸ್ತರರಿಂದಲೇ ಓದಿಸಿಕೊಳ್ಳಬೇಕೆಂದು, ಕೆಂಚವ್ವನ ಕೈಗೆ ಕೊಡಬಾರದೆಂದು ರಾವಸಾಹೇಬನಿಗೆ ಹೇಳಿ ಕಳಿಸಿದ್ದೇನೆ. ನಾನು ಬದುಕಿದ್ದೇನೆ. ಅವಳಿಗೆ ಅಷ್ಟು ಹೇಳಿದರೆ ಸಾಕು.

ಆದಿತ್ಯವಾರ ಮಧ್ಯಾಹ್ನ ಕಾರ್ಡು ಬಂದಾಗ ನಾವೆಲ್ಲ ಕೊಳ್ಳದ ಬಾಯಲ್ಲಿ ಕೂತಿದ್ದೆವು. ಅಲ್ಲಿ ನೀರು ಬೆಳಗಿನಿಂದ ಏರಿರಲಿಲ್ಲ. ಕಾಕಾ ಮಾತ್ರ ಇನ್ನೂ ಬೇಡ ಅನ್ನುತ್ತಿದ್ದ. ದುಂಡಪ್ಪ ಕೇಳಿದ: “ಏನಂತೋ ನಿನ್ನ ಹುಕುಂ?” ನಾನು ಗಟ್ಟಿಯಾಗಿ ಓದಿದೆ: “ನೀರ ನಿಂತೈತಿ.” ಮೇಲೂ ನಿಂತಿದೆ, ಕೆಳಗೂ ನಿಂತಿದೆ. ಕಾಕಾ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಆಗಲೇ ಫಾಲ್ಸಿನ ಬುಡದಲ್ಲಿ ಮೊದಲ ಮೀನು ಹಾರಿತು. ತೋಳಿನಷ್ಟು ಉದ್ದ. ಬಿಸಿಲಿಗೆ ಹೊಳೆದು ಬಿತ್ತು.

ನಾನು ಅಣ್ಣನ ಬಲೆ ಹಿಡಿದು ನಮ್ಮ ಬಂಡೆಯ ತನಕ ಹೋದೆ. ಒಂದು ಕಾಲು ಅದರ ಮೇಲೆ ಇಟ್ಟೆ. ಇನ್ನೊಂದು ಕಾಲು ಏಳಲಿಲ್ಲ. ನೊರೆ ಬಿಳಿಯೇ ಇತ್ತು, ನೀರು ಕರಿಯೇ ಇತ್ತು, ಪಾದ ತಣ್ಣಗಾಗಿರಲಿಲ್ಲ. ಕಲಿತದ್ದರಲ್ಲಿ ಒಂದು ಗುರುತೂ ಅಲ್ಲಿರಲಿಲ್ಲ. ಹೆದರಿಕೆ ಒಂದೇ ಇತ್ತು. ತಿರುಗಿ ಬಂದೆ.

ದುಂಡಪ್ಪ ನಕ್ಕ. “ಬಸುರಿ ನಿನ್ನ ಹೇಣ್ತ್ಯೋ, ನೀನೋ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನನ್ನ ಹೆಗಲು ತಟ್ಟಿ, “ಆತ ಬಿಡು, ನಿನ್ನ ಸಲವಾಗಿ ನಾನs ಹಾಕ್ತೇನಿ, ಕಲ್ಲು ನಿಮ್ಮದs ಇರಲಿ. ಯಮನವ್ವಗ ಹೇಳು” ಎಂದು ನನ್ನ ಕೈಯಿಂದ ಬಲೆ ತೆಗೆದುಕೊಂಡ. ಹೀಗೆ ಅಂದ ಎಂಬುದನ್ನು ನೀವು ನೆನಪಿಡಬೇಕು. ಅವನು ಬಂಡೆ ಕಸಿಯಲು ಹೋಗಲಿಲ್ಲ.

ಆಮೇಲೆ ಫಾಲ್ಸಿನ ಸದ್ದು ಬದಲಾಯಿತು. ಜೋರಾಗಲಿಲ್ಲ, ದಪ್ಪವಾಯಿತು. ಎಲ್ಲರೂ ಮೇಲೆ ನೋಡಿದೆವು. ಹಾಲಿನ ಬಣ್ಣದ್ದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ದುಂಡಪ್ಪ ಬಲೆ ಎತ್ತುತ್ತಿದ್ದ, ಅದರಲ್ಲಿ ಮೀನಿತ್ತು.

ಮರುದಿನ ಅವನ ಹೆಂಡತಿ ರಾಮವ್ವ ಗಿರಣಿಯ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ. “ನೀರ ನಿಂತೈತಿ ಅಂದವರು ಯಾರು? ಅಷ್ಟ ಹೇಳ್ರಿ ನನಗ” ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. “ನಾನs ಅಂದ್ನಿ” ಎಂದೆ. ಕಾರ್ಡಿನ ಮಾತು ಎತ್ತಬಾರದೆಂದು ಕಾಕಾ ಉಳಿದವರಿಗೆ ಹೇಳಿದ್ದಾನೆ.

ಕಾರ್ಡಿನ ಮರುದಿನ ಕೆಂಚವ್ವ ಬರೆದ ಕಾಗದ ನಿನ್ನೆ ಬಂತು. ಆಗಲೇ ನನಗೂ ನಿಮ್ಮ ಊರಿನ ಅರ್ಥ ತಿಳಿದದ್ದು. ನೀವು ಸರಿಯಾಗಿ ಅಂದಿರಿ, ಅವಳು ಸರಿಯಾಗಿ ಬರೆದಳು, ನಾನು ಸರಿಯಾಗಿ ಓದಿದೆ. ತುಂಬಿದ ಬಸುರಿ ಅವಳು. ಕಾರ್ಡು ನನಗೆ ಮುಟ್ಟಲೇ ಇಲ್ಲವೆಂದು ಅವಳಿಗೆ ಬರೆಯುತ್ತೇನೆ. ನೀವೂ ಹಾಗೇ ಅನ್ನಬೇಕು.

ನಿಮ್ಮ ಅಳಿಯ
ಹಣಮಂತ


ಗೋಕಾಕ ಫಾಲ್ಸ್
೧೮ ಜೂನ್ ೧೯೩೬

ಕೆಂಚವ್ವ,

ನಾನು ಆರಾಮ ಇದ್ದೇನೆ. ನೀನು ಹೇಳುವ ಕಾರ್ಡು ನನಗೆ ಮುಟ್ಟಲಿಲ್ಲ. ಮಳೆಯಲ್ಲಿ ರಾವಸಾಹೇಬನ ಕಿಸೆಯಲ್ಲೇ ನೆನೆದು ಹೋಗಿರಬೇಕು. ಕಾರ್ಡು ಬರಲಿಲ್ಲವಾದ್ದರಿಂದ, ಮಾತು ಕೊಟ್ಟಂತೆ, ನಾನು ಇಳಿಯಲಿಲ್ಲ.

ದುಂಡಪ್ಪ ಹೊಳೆಯಲ್ಲಿ ಹೋದ. ಬೇರೆಯವರಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು.

ಅತ್ತಿಗೆ ಬಂಡೆಯ ಮಾತು ಬಿಟ್ಟಿದ್ದಾಳೆ. “ಅದು ಇನ್ನ ನಮ್ಮದೂ ಅಲ್ಲ, ಅವರದೂ ಅಲ್ಲ. ಹೊಳಿದು” ಎಂದಳು.

ಹಣಮಂತ


ಸುಲ್ತಾನಪುರ
೨ ಆಗಸ್ಟ್ ೧೯೩೬

ಮನೆಯವರಿಗೆ,

ಮಗಳು ಹುಟ್ಟಿದ್ದಾಳೆ. ಮೈತುಂಬ ಕೂದಲು. ಹುಟ್ಟಿದ ಕೂಡಲೆ ಅಳಲಿಲ್ಲ, ಸೂಲಗಿತ್ತಿ ಬೆನ್ನು ತಟ್ಟಿದ ಮೇಲೆ ಅತ್ತಳು.

ಕಾರ್ಡು ಮುಟ್ಟದಿದ್ದದ್ದು ಒಳ್ಳೆಯದಾಯಿತು.

ಕೆಂಚವ್ವ


ಗೋಕಾಕ ಫಾಲ್ಸ್
೧೦ ಜನವರಿ ೧೯೩೭

ಕೆಂಚವ್ವ,

ತೊಟ್ಟಿಲು ಮಾಡಿಸಿ ತಿಂಗಳುಗಳಾದವು. ನಿನ್ನನ್ನು ಕಳಿಸಿರಿ ಎಂದರೆ ಮೊದಲು ಶ್ರಾವಣ ಮುಗಿಯಲಿ ಅಂದಿರಿ, ಆಮೇಲೆ ದೀಪಾವಳಿ, ಈಗ ಸಂಕ್ರಾಂತಿ. ನೀನು ಯಾವುದಕ್ಕೆ ಹೆದರುತ್ತೀ ಎಂದು ನಾನು ಕೇಳುವುದಿಲ್ಲ. ರಾಮವ್ವ ಈಗ ನೂಲು ಸುತ್ತುವ ಕೆಲಸಕ್ಕೆ ಬರುತ್ತಾಳೆ, ನನ್ನ ಎದುರಿನ ಸಾಲಿನಲ್ಲಿ. ನಾನು ತಲೆ ಎತ್ತಿದಾಗ ಅವಳು ತಲೆ ತಗ್ಗಿಸುತ್ತಾಳೆ. ಮೊದಮೊದಲು ಹಾಗಿರಲಿಲ್ಲ, ನೋಡುತ್ತಲೇ ಇರುತ್ತಿದ್ದಳು.

ಹೊಳೆ ಈಗ ತಿಳಿಯಾಗಿದೆ.

ಹಣಮಂತ


ಸುಲ್ತಾನಪುರ
೧೬ ಮೇ ೧೯೩೭

ಹಣಮಂತ ಅವರಿಗೆ,

ಬರುವ ಆದಿತ್ಯವಾರ ರಾವಸಾಹೇಬನ ಮೋಟಾರಿನಲ್ಲಿ ಬರುತ್ತೇನೆ. ಹೊಸ ನೀರಿಗೆ ಮೊದಲು.

ನೀವು ಅಪ್ಪನಿಗೆ ಬರೆದ ಕಾಗದ ನನ್ನ ಹತ್ತಿರ ಇದೆ. ಅಪ್ಪ ಮಾಸ್ತರರ ತನಕ ಹೋಗಲಿಲ್ಲ. ನನ್ನ ಕೈಗೆ ಕೊಡಬಾರದೆಂದು ರಾವಸಾಹೇಬ ಹೇಳಿದ್ದಕ್ಕೇ ಹೆದರಿದನಂತೆ, ಮುಂದಿನ ಮಾತು ಅವನ ಕಿವಿಗೆ ಬೀಳಲಿಲ್ಲ. ಓಡುತ್ತ ಬಂದು ಕಾಗದವನ್ನು ನನ್ನ ಕೈಗೇ ತುರುಕಿದ. “ಓದವ್ವ ಲಗೂನ, ಅಂವಾ ಅದಾನೋ ಇಲ್ಲೋ, ಅಷ್ಟ ಹೇಳು” ಎಂದ. ನಾನು ಮನಸ್ಸಿನಲ್ಲೇ ಕೊನೆಯ ತನಕ ಓದಿದೆ. “ಅದಾರಪ್ಪಾ” ಎಂದೆ. ಅವನು ಅಲ್ಲೇ ಕಟ್ಟೆಯ ಮೇಲೆ ಕೂತ. ಉಳಿದದ್ದನ್ನು ಇವತ್ತಿಗೂ ಕೇಳಿಲ್ಲ. ದುಂಡಪ್ಪನನ್ನು ನೀರಿಗೆ ಇಳಿಸಿದ ಮಾತು ತನ್ನ ಬಾಯಿಂದ ಬಂದದ್ದೆಂದು ಅಪ್ಪನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಅದೇ ದಿನ ಬಂದ ನಿಮ್ಮ ಇನ್ನೊಂದು ಕಾಗದವನ್ನು ಆಮೇಲೆ ಓದಿದೆ. ಮುಟ್ಟಲಿಲ್ಲ ಎಂದಿದ್ದಿರಿ. ನೀವು ಹಾಗೆ ಬರೆದ ಮೇಲೆ ನಾನು ಬೇರೆ ಏನು ಬರೆಯಬಹುದಿತ್ತು?

ಮೊನ್ನೆ ಮಗಳು ಹೊಸ್ತಿಲು ಹಿಡಿದು ಎದ್ದಳು. ಆಮೇಲೆ ಕೈ ಬಿಟ್ಟಳು. ಒಲೆಯ ಮುಂದಿದ್ದ ಅವ್ವ ಕೂಗಿದಳು: “ಅಯ್ಯ, ನಿಂತೈತಿ! ನೋಡ ಬಾರs, ಕೂಸು ನಿಂತೈತಿ!” ನಾನು ಓಡಿಬಂದು ಅವಳ ಎರಡೂ ಭುಜ ಒತ್ತಿ ಕೂರಿಸಿಬಿಟ್ಟೆ. ಮಗು ಅತ್ತಿತು. ಅವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಆ ರಾತ್ರಿಯೇ ಬರುವುದೆಂದು ನಿಶ್ಚಯ ಮಾಡಿದೆ.

ರಾಮವ್ವ ನಿಮ್ಮನ್ನು ಕೇಳಿದ್ದನ್ನು ಈ ಸಲ ನನ್ನನ್ನು ಕೇಳಲಿ. ಕೇಳದಿದ್ದರೆ ನಾನೇ ಅವಳ ಮನೆಗೆ ಹೋಗುತ್ತೇನೆ. ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ. ನೀವು ನನಗಾಗಿ ಹೊತ್ತದ್ದನ್ನು ಇಳಿಸಲು ಹೋಗಿ ಅವಳ ಮೇಲೆ ಇನ್ನಷ್ಟು ಹೊರಿಸುತ್ತೇನೋ ಎಂದು ಹೆದರಿಕೆ. ಅವಳು ಬಾಗಿಲು ತೆಗೆಯದಿದ್ದರೆ ಅದೂ ಸರಿ.

ಇನ್ನು ಮೇಲೆ ನೀರಿನ ಸುದ್ದಿಯನ್ನು ನಾವು ಕಾಗದದಲ್ಲಿ ಬರೆಯುವುದು ಬೇಡ. ಹೊಳೆ ಬಂದಾಗ ಒಂದೇ ಮನೆಯಲ್ಲಿ ಕೂತು ಕೇಳೋಣ.

ಇದನ್ನು ಬರೆಯುತ್ತಿರುವಾಗ ಮಗಳು ಮತ್ತೆ ಹೊಸ್ತಿಲು ಹಿಡಿದು ಎದ್ದಿದ್ದಾಳೆ. ಒಂದು ಕೈ ಬಿಟ್ಟಳು. ಅವ್ವ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದಾಳೆ. ಈಗ ಇನ್ನೊಂದು ಕೈಯನ್ನೂ ಬಿಟ್ಟಳು. ನಾನು ಎದ್ದಿಲ್ಲ. ಕೂತಲ್ಲೇ ಕೂತು ನೋಡುತ್ತಿದ್ದೇನೆ.

ಕೆಂಚವ್ವ